ಓನರಮ್ಮನ ಮಾವನ ಪಿಸ್ತೂಲು

ಹೋದ ವಾರ ಹಾಸನದ ನಮ್ಮ ಮನೆಗೆ ಹೊಲಿಗೆ ಮಷಿನ್ ರಿಪೇರಿಯವನು ಬಂದಿದ್ದ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಮಷಿನ್ನು ಬಿಗಿದುಕೊಂಡು ಕೂತಿತ್ತು. ಚೂಪು ಮೂತಿಯ ಸಣ್ಣ ಡಬ್ಬಿಯಿಂದ ಅವನು ಸಂದುಸಂದಿಗೂ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ. ವಾಸನೆ ನಡುಮನೆಯ ತುಂಬ ಹರಡಿತು. ಕಾಫಿ ಲೋಟ ಹಿಡಿದು ಬರುತ್ತಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಯಿಂದ ಟೈಲರ್ ಅಂಗಡಿ ನೆನಪಾಗುತ್ತದೇನೋ. ನನಗೆ ನೆನಪಾಗುವುದು ಹೊಳೆನರಸೀಪುರದ ಒಂದು ಹಿಂದಿನ ಕೋಣೆ, ಅಲ್ಲೊಂದು ರಾಗಿ ಮೂಟೆ, ಅದರ ಮುಂದೆ ಕಾಲು ಮಡಚಿ ಕೂತಿದ್ದ ನಮ್ಮ ಓನರಮ್ಮ...

ಆಗ ನಾನು ಅಲ್ಲಿಯ ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಮಾಡುತ್ತಿದ್ದೆ. ಗಂಡನ ಕೆಲಸ ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹೊಳೆಯಿಂದ ತುಸು ಮೇಲಿನ ಬೀದಿಯಲ್ಲಿ ಓನರಮ್ಮನ ಮನೆಯ ಪಕ್ಕದ ಪೋರ್ಷನ್ನು ನಮ್ಮದು. ನಾನು ಐದು ತಿಂಗಳ ಬಸುರಿ.

ಓನರಮ್ಮನಿಗೆ ಅರವತ್ತು ದಾಟಿತ್ತು. ಎತ್ತರದ, ಸಣಕಲು ಹೆಂಗಸು. ತವರು ಅರಕಲಗೂಡಿನ ಕಡೆ, ಗಂಡನ ಮನೆಯವರು ಹಾಸನದ ಪಕ್ಕ ಬೂವನಹಳ್ಳಿ ಆಚೆಯವರು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನಾನು ಕಾಲೇಜಿನಿಂದ ಸುಸ್ತಾಗಿ ಬಂದರೆ ಮೆಟ್ಟಿಲ ಮೇಲೆ ಮುಚ್ಚಿಟ್ಟ ಬಸ್ಸಾರಿನ ಪಾತ್ರೆ ಇರುತ್ತಿತ್ತು. ಕೊಟ್ಟೆ ಎಂದು ಅವರು ಹೇಳುತ್ತಿರಲಿಲ್ಲ, ತಗೊಂಡೆ ಎಂದು ನಾನೂ ಹೇಳುತ್ತಿರಲಿಲ್ಲ. ಅವರ ಬೀದಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಅದು ಮುಚ್ಚಿದ್ದನ್ನು ನಾನು ಮೊದಲು ನೋಡಿದ್ದು ಎಲೆಕ್ಷನ್ ಬಂದಾಗ.

ಎಲೆಕ್ಷನ್ ಅಂದರೆ ಲೈಸೆನ್ಸ್ ಇರುವವರೆಲ್ಲ ತಮ್ಮ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಿತ್ತು. ಎದುರು ಮನೆಯ ಕೊಬ್ಬರಿ ವ್ಯಾಪಾರಿ ತಮ್ಮ ಜೋಡು ನಳಿಗೆ ಕೋವಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಅಳಿಯನನ್ನು ಕರೆದೊಯ್ಯುವ ಹಾಗೆ ಗತ್ತಿನಿಂದ ಹೊರಟರು. ಜ್ಞಾಪಿಸಲು ಬಂದ ಪೇದೆ ಬೀದಿಯ ಮನೆಮನೆಯಲ್ಲೂ ವಿಚಾರಿಸುತ್ತ ಬರುತ್ತಿದ್ದ. ಆಗ ಓನರಮ್ಮನ ಬಾಗಿಲು ಮುಚ್ಚಿಕೊಂಡಿತು. ಕಿಟಕಿಯ ಸಂದಿಯಲ್ಲಿ ಅವರ ಮುಖ ಕಂಡಿತು. ಜ್ವರ ಬಂದವರ ಹಾಗೆ ಬಿಳಿಚಿಕೊಂಡಿದ್ದರು.

ಅವತ್ತೇ ಸಂಜೆ ನನ್ನನ್ನು ಒಳಗೆ ಕರೆದರು. ಹಿಂದಿನ ಕೋಣೆಯಲ್ಲಿ ರಾಗಿ ಮೂಟೆಗಳ ಹಿಂದೆ ಒಂದು ತಗಡಿನ ಟ್ರಂಕು. ಹಳೇ ಸೀರೆಗಳ ಅಡಿಯಿಂದ ಒಂದು ಮರದ ಡಬ್ಬಿ ತೆಗೆದರು. ಒಂದು ತುದಿ ಸಣ್ಣ, ಇನ್ನೊಂದು ತುದಿ ದಪ್ಪ. ದಪ್ಪ ತುದಿಯ ಮುಚ್ಚಳ ಎತ್ತಿದ ತಕ್ಷಣ ಹೊಲಿಗೆ ಮಷಿನ್ ಎಣ್ಣೆಯ ವಾಸನೆ ಬಂತು. ಒಳಗೆ ಪಿಸ್ತೂಲು.

ಸಿನಿಮಾದಲ್ಲಿ ಕಾಣುವ ಹಾಗಿರಲಿಲ್ಲ ಅದು. ಮುಂದೆ ಸಣ್ಣನೆಯ ನಳಿಗೆ, ಟ್ರಿಗರಿನ ಮುಂದುಗಡೆ ಚೌಕಾಕಾರದ ಒಂದು ಪೆಟ್ಟಿಗೆ, ಹಿಂದೆ ಪೊರಕೆಯ ಹಿಡಿಯಂಥ ದುಂಡು ಹಿಡಿ. ಎಲ್ಲಕ್ಕಿಂತ ಹಿಂದೆ ಒಂದು ಪುಟ್ಟ ಸುತ್ತಿಗೆ, ಹೊಡೆಯಲು ಎತ್ತಿದ ಕೈಯ ಹಾಗೆ ಹಿಂದಕ್ಕೆ ಬಾಗಿ ನಿಂತಿತ್ತು.

"ಮುಟ್ಬ್ಯಾಡ ಕಣವ್ವ," ಅಂದರು. "ತುಂಬೈತೆ."

ಅದು ಅವರ ಮಾವನದು. ಸಕಲೇಶಪುರದ ಕಡೆ ಒಬ್ಬ ಬಿಳಿ ದೊರೆಯ ತೋಟದಲ್ಲಿ ಆತ ಡ್ರೈವರ್ ಆಗಿದ್ದರಂತೆ. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಇದನ್ನು ಗುಟ್ಟಾಗಿ ಕೈಗಿತ್ತು ಹೋದನಂತೆ. ಲೈಸೆನ್ಸು ಗಿಸೆನ್ಸು ಏನೂ ಇಲ್ಲ. ಮಾವ ಇಬ್ಬರು ಗಂಡುಮಕ್ಕಳಿಗೂ ಅದನ್ನು ಮುಟ್ಟಗೊಡಲಿಲ್ಲ. ಹಿರಿಯವನು ಹೆದರುಪುಕ್ಕಲ, ಕಿರಿಯವನು ಮುಂಗೋಪಿ. ಮನೆಗೆ ಬಂದ ಹಿರಿಸೊಸೆಯನ್ನು ಕೂರಿಸಿಕೊಂಡು ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಜೋಡಿಸುವುದು ಎಲ್ಲ ಹೇಳಿಕೊಟ್ಟರು. ಜೊತೆಗೆ ದೊರೆ ತನಗೆ ಹೇಳಿದ್ದ ಕತೆಯನ್ನೂ ಹೇಳಿದರು. ಅವತ್ತು ಓನರಮ್ಮ ಅದನ್ನು ನನಗೆ ಹೇಳುವಾಗ ಧ್ವನಿ ಪಿಸುಮಾತಿಗಿಂತ ಮೇಲೇಳಲಿಲ್ಲ.

"ಮೊದ್ಲು ಒಂದೇಟು ಒಡುದ್ರೆ ಮತ್ತೆ ಮದ್ದು ತುಂಬ್ಬೇಕಿತ್ತಂತೆ. ಆಮೇಲೆ ತಿರುಗೋ ಗಾಲಿದು ಬಂತಂತೆ. ಇದು ಅಂಗಲ್ಲ. ಒಡ್ದಾಗ ಕೈಗೆ ಒದೀತದಲ್ಲ, ಆ ಒದೆತಾನೇ ಕೂಲಿಗಿಟ್ಕಂಡವ್ರೆ. ಅದೇ ಖಾಲಿ ತೋಟಾನ ಆಚ್ಗೆ ಎಸೀತದೆ, ಅದೇ ಇನ್ನೊಂದ ಒಳೀಕೆ ಎಳ್ಕತದೆ. ನಮ್ಮಾವ ಅದ್ಕೇ ಇದ್ನ ಕಂಡ್ರೆ ಎದ್ರೋರು. ಕೋಪ ಬಂದೋನ್ಗೆ ಇದು ತಣ್ಣಗಾಗಾಕೆ ಟೇಮೇ ಕೊಡಾಕಿಲ್ಲ ಅನ್ನೋರು."

ಕ್ರಿಯೆಗೆ ಪ್ರತಿಕ್ರಿಯೆ ಎಂದು ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ಗುಂಡು ಆ ಕಡೆ, ಕೋವಿ ಈ ಕಡೆ. ಹಿಂದಕ್ಕೆ ಹೋದ ಆ ಬಲ ಏನಾಗುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಭುಜಕ್ಕೆ ನೋವು ಕೊಟ್ಟು ವ್ಯರ್ಥವಾಗುತ್ತಿದ್ದ ಅದನ್ನು ಹಿಡಿದು ದುಡಿಸಿಕೊಳ್ಳುವುದನ್ನು ಯಾರೋ ಕಂಡುಹಿಡಿದರು.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ವಿದ್ಯೆ ಜರ್ಮನಿಯಲ್ಲಿ ಕುದುರಿತು ಎಂದು ಆಮೇಲೆ ಯಾವಾಗಲೋ ಓದಿದೆ. ಮೊದಲು ಚೆನ್ನಾಗಿ ಮಾರಾಟಕ್ಕೆ ಬಂದ ಪಿಸ್ತೂಲಿನ ಮೇಲೆ ಮೊಣಕಾಲಿನಂಥ ಒಂದು ಕೀಲು. ಗುಂಡು ಹಾರಿದಾಗ ಕೀಲು ಮೇಲಕ್ಕೆ ಮಡಚಿಕೊಂಡು ನಳಿಗೆಯ ಹಿಂಬಾಗಿಲು ತೆರೆಯಬೇಕು. ಕೆಲಸವೇನೋ ಮಾಡುತ್ತಿತ್ತು, ಆದರೆ ಹಿಂದುಗಡೆ ಡುಬ್ಬ ಹೊತ್ತ ಹಾಗೆ ಭಾರ, ಒಂದು ಕೈಯಲ್ಲಿ ಹಿಡಿಯಲಾರದಷ್ಟು. ಇನ್ನೊಬ್ಬ ಅದನ್ನೇ ತಿದ್ದಿ ಸಪೂರ ಮಾಡಿ ಹೆಸರು ಗಳಿಸಿದ. ಅದೇ ಕಾಲದಲ್ಲಿ ಬೇರೊಂದು ಕಾರ್ಖಾನೆಯ ಕೆಲಸಗಾರರು, ಒಡಹುಟ್ಟಿದ ಅಣ್ಣತಮ್ಮಂದಿರು, ಬಿಡುವಿನಲ್ಲಿ ಕೂತು ಓನರಮ್ಮನ ಕೈಯಲ್ಲಿದ್ದಂಥದ್ದನ್ನು ರೂಪಿಸಿದರಂತೆ. ಟ್ರಿಗರಿನ ಮುಂದೆ ತೋಟಾದ ಪೆಟ್ಟಿಗೆ. ತಗಡಿನ ಪಟ್ಟಿಗೆ ಸಿಕ್ಕಿಸಿದ ತೋಟಾಗಳನ್ನು ಮೇಲಿನಿಂದ ಒತ್ತಿ ತುಂಬಬೇಕು. ಮರದ ಡಬ್ಬಿಯನ್ನೇ ಹಿಡಿಗೆ ಸಿಕ್ಕಿಸಿದರೆ ಭುಜಕ್ಕಿಟ್ಟು ಹೊಡೆಯುವ ಕೋವಿಯಾಗುತ್ತದೆ. ಆಮೇಲೆ ಅಮೆರಿಕದವನೊಬ್ಬ ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಕವಚ ಮಾಡಿದ. ಆ ಹೊತ್ತಿಗೆ ತೋಟಾದ ಪೆಟ್ಟಿಗೆ ಹಿಡಿಯೊಳಗೆ ಸೇರಿತ್ತು. ಇವತ್ತಿನ ಪಿಸ್ತೂಲುಗಳೆಲ್ಲ ಹೆಚ್ಚುಕಡಿಮೆ ಅದರ ಸಂತಾನ. ಓನರಮ್ಮನದು ದಾರಿ ಇನ್ನೂ ಗೊತ್ತಾಗದ ಕಾಲದ್ದು. ಅದರ ಪಕ್ಕದಲ್ಲಿದ್ದ, ಗುಂಡು ತಾನಾಗಿ ಹಾರದಂತೆ ತಡೆಯುವ ಅಡೆಕಡ್ಡಿಯನ್ನು ನಂಬಬೇಡ ಎಂದೂ ಮಾವ ಹೇಳಿದ್ದರಂತೆ.

ಕೊನೆಗಾಲದಲ್ಲಿ ಮಾವನಿಗೆ ಕಳ್ಳರ ಭಯ ಹತ್ತಿತು. ತಾವೇ ತುಂಬಿ, ಸುತ್ತಿಗೆ ಎಳೆದು, ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದರು. ಹಾಗೆಯೇ ಸತ್ತರು. ಓನರಮ್ಮ ಅದನ್ನು ಹಾಗೆಯೇ ಎತ್ತಿ ಡಬ್ಬಿಗೆ ಸೇರಿಸಿದರು. ಅಲ್ಲಿಂದ ಮೇಲೆ ಅದರ ಹೊರಮೈಗೆ ಎಣ್ಣೆ ಸವರಿದ್ದು ಬಿಟ್ಟರೆ ಬಿಚ್ಚುವ ಧೈರ್ಯ ಬಂದಿರಲಿಲ್ಲ.

ಪೇದೆಯನ್ನು ಕಂಡು ಬೆದರಿದ್ದು ನಿಜವಾದರೂ ಅವರ ದೊಡ್ಡ ಭಯ ಬೇರೆಯೇ ಇತ್ತು. ಊರಿನಲ್ಲಿದ್ದ ಮೈದುನ. ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತಿಗೆ ಬೂವನಹಳ್ಳಿ ಸುತ್ತಿನ ಜಮೀನಿಗೆ ಬೆಲೆ ಏರಿ, ಅವನಿಗೂ ಅವನ ದೊಡ್ಡಪ್ಪನ ಮಗನಿಗೂ ಬದುವಿನ ಜಗಳ ಹತ್ತಿತ್ತು. ಹಿಂದಿನ ವಾರ ಬಂದವನು ಊಟ ಮಾಡಿ ಕೈ ತೊಳೆಯುತ್ತ, ಅಪ್ಪನದು ಎಲ್ಲಿದೆ ಅತ್ತಿಗೆ ಎಂದು ಕೇಳಿದನಂತೆ. ನಿಮ್ಮಣ್ಣ ಹೊಳೆಗೆ ಎಸೆದರು ಎಂದು ಇವರು ಸುಳ್ಳು ಹೇಳಿದರು. ಅವನು ನಂಬಲಿಲ್ಲ. ಭಾನುವಾರ ಬಂದು ಮನೆಯನ್ನೆಲ್ಲ ನಾನೇ ಹುಡುಕುತ್ತೇನೆ ಎಂದು ಹೋಗಿದ್ದ.

ನಿಜವಾಗಿಯೂ ಹೊಳೆಗೇ ಎಸೆದುಬಿಡೋಣ ಎಂದೆ ನಾನು. ಓನರಮ್ಮ ತಲೆಯಾಡಿಸಿದರು.

"ಬ್ಯಾಸ್ಗೇಲಿ ನೀರು ಇಳೀತದೆ. ಮೀನಿಡಿಯೋ ಐಕ್ಳ ಕೈಗೆ ಸಿಕ್ಕುದ್ರೆ?"

ಆ ರಾತ್ರಿಗಳಲ್ಲಿ ನನಗೆ ನಿದ್ದೆ ಇರಲಿಲ್ಲ. ನಮ್ಮ ಮಲಗುವ ಕೋಣೆಗೂ ಅವರ ಹಿಂದಿನ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯಾಚೆ ಆ ಟ್ರಂಕು, ಈಚೆ ನಾನು, ನನ್ನ ಹೊಟ್ಟೆ. ಮೂತಿ ಯಾವ ಕಡೆಗಿದೆಯೋ... ಒಂದು ಇಲಿ ಹಾದರೂ ಸಾಕೇನೋ... ಸೆಖೆ ಎಂದು ನೆಪ ಹೇಳಿ ಮಂಚವನ್ನು ಕಿಟಕಿಯ ಕಡೆಗೆ ಸರಿಸಿದೆ. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಮಾರನೇ ದಿನವೇ ಲಾರಿ ಕರೆದು ಸಾಮಾನು ಏರಿಸುತ್ತಿದ್ದರು, ಆ ಹೆಂಗಸು ಒಂಟಿಯಾಗುತ್ತಿದ್ದರು.

ಶನಿವಾರ ಮಧ್ಯಾಹ್ನ ನಾನು ಕಾಲೇಜಿನಿಂದ ಬರುವುದನ್ನೇ ಓನರಮ್ಮ ಕಾಯುತ್ತಿದ್ದರು. ನಾಳೆ ಅವನು ಬರುವ ಮುಂಚೆ ತಾನೇ ಠಾಣೆಗೆ ಕೊಟ್ಟುಬಿಡುತ್ತೇನೆ, ಜೈಲಾದರೆ ಆಗಲಿ ಎಂದರು. ಆದರೆ ತುಂಬಿದ್ದನ್ನು ಹಿಡಿದು ಬೀದಿಯಲ್ಲಿ ನಡೆಯುವುದು ಹೇಗೆ? ಮೊದಲು ಬರಿದು ಮಾಡಬೇಕು.

"ಬಸ್ರಿ ನೀನು. ಬೀದಿ ಕಡೀಕೋಗಿ ನಿಂತ್ಕ," ಎಂದರು.

ನಾನು ಹೋಗಲಿಲ್ಲ. ಏನಾದರೂ ಆದರೆ ಜನ ಕರೆಯಲಾದರೂ ಒಬ್ಬರು ಬೇಕಲ್ಲ. ಕೋಣೆಯ ಹೊಸ್ತಿಲಾಚೆ, ಗೋಡೆಗೆ ಮರೆಯಾಗಿ ನಿಂತು ಕತ್ತು ಮಾತ್ರ ಚಾಚಿದೆ. ಓನರಮ್ಮ ರಾಗಿ ಮೂಟೆಯ ಮುಂದೆ ಕೂತು ನಳಿಗೆಯ ಮೂತಿಯನ್ನು ಮೂಟೆಗೆ ಒತ್ತಿ ಹಿಡಿದರು. ಹೊಡೆದರೂ ರಾಗಿ ಗುಂಡನ್ನು ತಡೆಯುತ್ತದೆ ಎಂಬುದು ಮಾವನ ಮಾತು. ತೋಟಾದ ಪೆಟ್ಟಿಗೆಯ ತಳದಲ್ಲಿ ಒಂದು ಗುಂಡಿ. ಅದನ್ನು ಮೊಳೆಯಿಂದ ಒತ್ತಿ ತಳದ ತಗಡನ್ನು ಜಾರಿಸಿದರು. ಸ್ಪ್ರಿಂಗು ಹಾರಿತು, ಹಸಿರು ಕಿಲುಬು ಹಿಡಿದ ತೋಟಾಗಳು ಮಡಿಲಿಗೆ ಉದುರಿದವು. ನಾನು ಉಸಿರು ಬಿಟ್ಟೆ. ಮುಗಿಯಿತಲ್ಲ ಎಂದೆ.

ಅವರು ತಿರುಗಿ ನೋಡಲಿಲ್ಲ. "ಮೇಲೊಂದು ಅವ್ತೈತೆ," ಎಂದರು.

ಈ ಬಗೆಯ ಪಿಸ್ತೂಲಿನ ಮೋಸವೇ ಅದು. ಪೆಟ್ಟಿಗೆ ಬರಿದಾದರೂ ನಳಿಗೆಯ ಬಾಯಲ್ಲಿ ಒಂದು ತೋಟಾ ಕೂತೇ ಇರುತ್ತದೆ. ಬರಿದಾಯಿತು ಎಂದು ನಂಬಿ ಸತ್ತವರು ಲೋಕದಲ್ಲಿ ಎಷ್ಟು ಮಂದಿಯೋ. ಅದನ್ನು ತೆಗೆಯಲು ಹಿಂದಿನ ಉಕ್ಕಿನ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಎಳೆದರು. ಬರಲಿಲ್ಲ. ಸೆರಗಿನಿಂದ ಬೆವರು ಒರೆಸಿಕೊಂಡು ಮತ್ತೆ ಎಳೆದರು. ವರ್ಷಗಳ ಎಣ್ಣೆ ಒಳಗೆ ಗಟ್ಟಿ ಕಟ್ಟಿತ್ತು. ಮಷಿನ್ ಎಣ್ಣೆಯನ್ನು ಸಂದಿಗೆ ಬಿಟ್ಟು, ಪಿಸ್ತೂಲನ್ನು ಮೂಟೆಗೆ ಒತ್ತಿಕೊಂಡೇ ಸುಮ್ಮನೆ ಕೂತರು. ಎಣ್ಣೆ ಇಳಿಯಬೇಕಿತ್ತು. ಹೊರಗೆ ಯಾರೋ ಸೊಪ್ಪು ಮಾರುತ್ತ ಹೋದರು...

ಮೂರನೇ ಸಲ ಎಳೆದಾಗ ಕಟ್ ಎಂದು ಸದ್ದಾಗಿ ತುಂಡು ಹಿಂದಕ್ಕೆ ಬಂತು. ತೋಟಾ ಎಗರಿ, ನೆಲಕ್ಕೆ ಬಿದ್ದು, ಉರುಳುತ್ತ ನನ್ನ ಕಾಲ ಬಳಿ ನಿಂತಿತು.

ಆಮೇಲೆ ಅವರು ಅದನ್ನು ಪೂರ್ತಿ ಬಿಚ್ಚಿದರು. ಆ ಪಿಸ್ತೂಲಿನ ಒಳಗೆ ಒಂದೂ ಸ್ಕ್ರೂ ಇಲ್ಲ. ಇರುವ ಒಂದೇ ಸ್ಕ್ರೂ ಹಿಡಿಯ ಮರದ್ದು. ಉಳಿದದ್ದೆಲ್ಲ ಒಂದರ ಹಲ್ಲಿಗೆ ಇನ್ನೊಂದು ಸಿಕ್ಕಿಕೊಂಡು, ತಾವೇ ಬೀಗ ತಾವೇ ಕೀಲಿಯಾಗಿ ಕೂತಿದ್ದವು. ಅಷ್ಟು ಚೆಂದದ ಕೆಲಸ ಅದು. ನೋಡುತ್ತ ನೋಡುತ್ತ ಒಂದು ಗಳಿಗೆ ನನ್ನ ಭಯ ಮರೆತೇಹೋಗಿತ್ತು. ಮರೆತದ್ದು ನೆನಪಾಗಿ ಇನ್ನೂ ಹೆಚ್ಚು ಭಯವಾಯಿತು. ಹಳೇ ಪಂಚೆಯ ಮೇಲೆ ತುಂಡುಗಳನ್ನು ಹರವಿಟ್ಟರು. ತೋಟಾಗಳನ್ನು ನಾನು ನನ್ನ ಮನೆಯ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟು ಬಂದೆ.

ಪಂಚೆ ಗಂಟು ಕಟ್ಟಬೇಕು ಎನ್ನುವಷ್ಟರಲ್ಲಿ ಬೀದಿಯಲ್ಲಿ ಬೈಕ್ ನಿಂತಿತು. ಮೈದುನ ಒಂದು ದಿನ ಮುಂಚೆಯೇ ಬಂದಿದ್ದ.

ಬಾಗಿಲು ತಟ್ಟಲಿಲ್ಲ, ನೂಕಿಕೊಂಡು ನೇರ ಹಿಂದಿನ ಕೋಣೆಗೆ ಬಂದ. ಐವತ್ತರ ಆಸುಪಾಸು, ದಪ್ಪ ಮೀಸೆ, ಶರಟಿನ ಮೇಲೆ ಕೆಂಧೂಳು. ಕುಡಿದಿರಲಿಲ್ಲ. ಕುಡಿದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ನನ್ನನ್ನು ನೋಡಿ, "ನೀವು ಒಳೀಕೋಗಿ ಮೇಡಂ, ಇದು ನಮ್ಮನೆ ಇಚಾರ," ಎಂದ. ಓನರಮ್ಮ ಕಣ್ಣಲ್ಲೇ ನನ್ನನ್ನು ತಡೆದರು. ಹೋಗಬೇಡ ಎಂದು ಬೇಡಿಕೊಂಡ ಆ ಕಣ್ಣು ಇವತ್ತಿಗೂ ನನ್ನ ಮುಂದಿದೆ.

ಅವರು ಪಂಚೆಯನ್ನು ಮರೆಮಾಡಲಿಲ್ಲ. ಅವನ ಕಡೆಗೇ ತಳ್ಳಿದರು.

"ತಗಾ. ಜೋಡಿಸ್ಕ."

ಅವನು ಕುಕ್ಕರುಗಾಲಿನಲ್ಲಿ ಕೂತು ನಳಿಗೆ ಎತ್ತಿದ, ಇನ್ನೊಂದು ತುಂಡು ಎತ್ತಿದ, ಒಂದಕ್ಕೊಂದು ಹಿಡಿದು ನೋಡಿದ. ತಿರುಗಿಸಿದ. ಸೇರಲಿಲ್ಲ. ಒತ್ತಿದ. ಕೈ ಕೊಯ್ದುಕೊಂಡ. ಅಷ್ಟು ಹೊತ್ತೂ ಕೋಣೆಯಲ್ಲಿ ಉಕ್ಕಿಗೆ ಉಕ್ಕು ತಗುಲುವ ಸದ್ದು ಮಾತ್ರ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕುಡುಗೋಲು ಅವನ ಕೈಗೆಟುಕುವಷ್ಟು ಹತ್ತಿರವಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಕೊನೆಗೆ ಅವನು ಕೇಳಿದ್ದು ಪಿಸ್ತೂಲಿನ ವಿಷಯವನ್ನಲ್ಲ. "ಅಪ್ಪ ನಿಂಗೆ ಏಳ್ಕೊಟ್ಟಿದ್ನಾ ಅತ್ಗೆ?"

"ಊಂ."

"ನಂಗ್ಯಾಕೆ ಏಳ್ಕೊಡ್ನಿಲ್ಲ?"

ಯಾಕೆ ಎಂದು ಅವನಿಗೂ ಗೊತ್ತಿತ್ತು. ಜೋಡಿಸಿಕೊಡು ಎಂದ, ಮೆತ್ತಗೆ. ಅವರು ಆಗಲ್ಲ ಎಂದರು. ಎರಡನೇ ಸಲ ಅಷ್ಟು ಮೆತ್ತಗೆ ಕೇಳಲಿಲ್ಲ. ಕೈಯಲ್ಲಿದ್ದ ನಳಿಗೆಯನ್ನು ಅವರ ತಲೆಯ ಮೇಲಕ್ಕೆ ಎತ್ತಿದ. ಓನರಮ್ಮ ಕಣ್ಣು ಮುಚ್ಚಿದರು, ಕದಲಲಿಲ್ಲ. ನನ್ನ ಬಾಯಿಂದ ಏನು ಬಂತೋ ಗೊತ್ತಿಲ್ಲ, ಕೂಗಿರಬೇಕು, ಎದುರು ಮನೆಯವರು ಏನಮ್ಮಾ ಎಂದು ಬೀದಿಯಿಂದ ಕೇಳಿದರು. ಅವನ ಕೈ ಇಳಿಯಿತು. ನಳಿಗೆಯನ್ನು ಪಂಚೆಗೆ ಎಸೆದು ಹೊರಟುಹೋದ. ಬೈಕಿನ ಸದ್ದು ಬೀದಿಯ ತಿರುವು ದಾಟುವವರೆಗೂ ನಾವಿಬ್ಬರೂ ಹಾಗೆಯೇ ಇದ್ದೆವು.

ಆಮೇಲೆ ತಡಮಾಡಲಿಲ್ಲ. ಪಂಚೆಯ ಗಂಟು ಅವರ ಚೀಲದಲ್ಲಿ, ತೋಟಾಗಳು ನನ್ನ ಟಿಫನ್ ಡಬ್ಬಿಯಲ್ಲಿ. ಆಟೋದಲ್ಲಿ ಹೋಗುವಾಗ ಹಿಂದೆ ಬೈಕಿನ ಹಾರ್ನ್ ಕೇಳಿದಾಗೆಲ್ಲ ಅವರು ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದರು. ಠಾಣೆಯಲ್ಲಿ ಮೇಜಿನ ಮೇಲೆ ಗಂಟು ಬಿಚ್ಚಿಟ್ಟು, ಇದು ನಮ್ಮ ಮಾವನದು, ಇಷ್ಟು ದಿನ ನಾನು ಇಟ್ಟುಕೊಂಡಿದ್ದೆ ಎಂದರು. ಮೈದುನನ ಬೆದರಿಕೆಯನ್ನೂ ಹೇಳಿದರು. ಅಲ್ಲಿದ್ದ ಅಧಿಕಾರಿ ಕುರ್ಚಿ ತರಿಸಿ ಕೂರಿಸಿದರು, ನೀರು ಕೊಡಿಸಿದರು, ಆಮೇಲೆ ಕೇಸನ್ನೂ ಬರೆದುಕೊಂಡರು. ಕಾನೂನು ಬಿಡುವ ಹಾಗಿರಲಿಲ್ಲ. ಬಹಳ ಕಾಲ ಕೋರ್ಟಿಗೆ ಅಲೆದರು. ವಯಸ್ಸು ನೋಡಿ, ತಾನಾಗಿ ತಂದೊಪ್ಪಿಸಿದ್ದನ್ನು ನೋಡಿ ಕೊನೆಗೆ ಬಿಟ್ಟರು.

ಮೈದುನ ಸುಮ್ಮನಿರಲಿಲ್ಲ. ಪೊಲೀಸರು ಕರೆಸಿ ಎಚ್ಚರಿಸಿ ಕಳಿಸಿದ್ದರೂ, ಎಲೆಕ್ಷನ್ ಮುಗಿದ ಕೆಲವೇ ದಿನಕ್ಕೆ ಬದುವಿನ ಮೇಲೆ ದೊಡ್ಡಪ್ಪನ ಮಗನಿಗೆ ಮಚ್ಚು ಬೀಸಿದ. ಆತ ಕೈ ಅಡ್ಡ ಹಿಡಿದ, ಎರಡು ಬೆರಳು ಹೋದವು, ಓಡಿ ಬದುಕಿಕೊಂಡ. ಸುದ್ದಿ ಬಂದಾಗ ಓನರಮ್ಮ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದರು. ಮಚ್ಚಾದ್ದಕ್ಕೆ ಓಡಾಕಾದ್ರೂ ಆಯ್ತಲ್ಲ ಎಂದಷ್ಟೇ ಅಂದರು. ಮೈದುನ ಜೈಲಿಗೆ ಹೋದ. ಗಂಡನ ಮನೆಯವರು ಯಾರೂ ಅವರನ್ನು ಮಾತಾಡಿಸಲಿಲ್ಲ. ಮಾವನ ಆಸ್ತಿಯನ್ನು ಪೊಲೀಸರಿಗೆ ಕೊಟ್ಟವಳು ಎಂಬ ಹೆಸರು ಬಂತು. ಬೆರಳು ಹೋದವನು ಮಾತ್ರ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಒಂದು ದಿನ ಬಂದು, ಅವರ ಜಗಲಿಯಲ್ಲಿ ಕೂತು, ಕಾಫಿ ಕುಡಿದು ಹೋದ. ನನ್ನ ಮಗಳು ಹುಟ್ಟಿದ ಮೇಲೆ ನಮಗೆ ಹಾಸನಕ್ಕೆ ವರ್ಗವಾಯಿತು. ಓನರಮ್ಮ ಮನೆ ಮಾರಿ ತವರಿಗೆ ಹೋದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಕೊನೆಕೊನೆಗೆ ಆ ನಂಬರೂ ಸಿಗದಾಯಿತು...

ಈ ವರ್ಷ ಚನ್ನರಾಯಪಟ್ಟಣದಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಎಲೆಗೆ ಅನ್ನ ಕಲೆಸುತ್ತಿದ್ದ ಒಂದು ಕೈ ಕಂಡಿತು, ಎರಡು ಬೆರಳಿಲ್ಲದ್ದು. ಆತನೂ ನನ್ನ ಗುರುತು ಹಿಡಿದ. ಓನರಮ್ಮ ತೀರಿಕೊಂಡು ಮೂರು ವರ್ಷವಾಯಿತು ಎಂದ. ಅರಕಲಗೂಡಿಗೆ ಹೋಗಿ ಮಣ್ಣು ಮಾಡಿದ್ದು ತಾನೇ ಎಂದ. ಜೈಲಿನಿಂದ ಬಂದ ಮೈದುನ ಆ ಕಡೆ ತಲೆಹಾಕಲಿಲ್ಲವಂತೆ. ಎಲ್ಲೋ ಕೆಲಸಕ್ಕೆ ಸೇರಿಕೊಂಡು ಊರನ್ನೇ ಬಿಟ್ಟನಂತೆ. ಆದರೂ ಓನರಮ್ಮ ಹೆದರುವುದನ್ನು ಬಿಟ್ಟಿರಲಿಲ್ಲ.

"ಕೊನೇವರ್ಗೂ ಅಗಲೊತ್ತೇ ಚಿಲ್ಕ ಆಕ್ಕಂಡಿರೋರು ಮೇಡಂ," ಎಂದ ಆತ. "ನಾನೋದ್ರೂ ಮೊದ್ಲು ಕಿಟ್ಕೀಲಿ ಕೈ ತೋರುಸ್ಬೇಕಿತ್ತು. ಬೆರಳು ನೋಡ್ಕಂಡು ಬಾಗ್ಲು ತಗೆಯೋರು."

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಇದನ್ನೆಲ್ಲ ಹೇಳಿದರೆ ಕತೆ ಕೇಳಿದ ಹಾಗೆ ಕೇಳುತ್ತಾಳೆ. ನನ್ನ ಗಂಡನಿಗೆ ಹೇಳಿದ್ದು ಎಲ್ಲ ಮುಗಿದ ಮೇಲೆ, ಅವರಿಗೂ ಅದು ಮುಗಿದುಹೋದ ವಿಷಯ. ಮೂಟೆಯ ಮುಂದೆ ಎಣ್ಣೆ ಇಳಿಯಲೆಂದು ಕಾದ ಆ ಹೊತ್ತು ಹೇಗಿತ್ತು ಎಂದು ನನಗೊಮ್ಮೊಮ್ಮೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತದೆ. ಹೌದು ಕಣವ್ವ, ನಂಗೂ ಅಂಗೇ ಆಗಿತ್ತು ಅನ್ನುವವರು ಈಗ ಯಾರೂ ಇಲ್ಲ.